ಮೂರನೆಯ ವಿಮಾನ

ಯುದ್ಧದಲ್ಲಿ ಸಮುದ್ರಕ್ಕೆ ಬಿದ್ದ ವಿಮಾನಗಳು ಪ್ರತಿ ಭಾನುವಾರ ಬೆಳಿಗ್ಗೆ ಕಾರವಾರದ ದಡದುದ್ದಕ್ಕೂ ಹಾರುತ್ತವೆ. ಉಪ್ಪುನೀರು ನಂಬರುಗಳನ್ನು ತಿಂದಿರುವುದರಿಂದ, ಯಾವುದು ತಮ್ಮವರದೆಂದು ಮನೆಯವರೇ ಅಂದಾಜು ಮಾಡಿಕೊಂಡಿದ್ದಾರೆ. ಫೋಟೊ ತೆಗೆದರೆ ಆ ವಿಮಾನ ಮತ್ತೆ ಬರುವುದಿಲ್ಲ. ಹಾಗಾಗಿ ದಡದಲ್ಲಿ ಫೋಟೊ ತೆಗೆದು ಬದುಕುವ ನನಗೆ ಕೆಲಸ ಕಡಿಮೆ.

ಶಾಲಿನಿಬಾಯಿ ಗಂಡನದೆಂದು ಐವತ್ತು ವರ್ಷ ಮೂರನೆಯದಕ್ಕೆ ಕೈಬೀಸಿದವರು.

“ತೆಗಿ ಮಾರಾಯ. ಕಣ್ಣು ಪೂರ್ತಿ ಹೋಗೂಕೆ ಮುಂಚೆ ನಮ್ಮವರ ಮುಖ ನೋಡ್ಬೇಕು.”

“ಮತ್ತೆ ಬರೂದಿಲ್ಲ, ಅಜ್ಜಿ.”

“ಗೊತ್ತದೆ.”

ತೆಗೆದೆ. ಗಾಜಿನೊಳಗಿನ ಪೈಲಟ್‌ನ ಮುಖವನ್ನು ಕ್ಯಾಮೆರಾದಲ್ಲೇ ದೊಡ್ಡದು ಮಾಡಿ ತೋರಿಸಿದೆ. ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು.

“ಇದು ಅವರಲ್ಲ.”

ಪಕ್ಕದಲ್ಲಿ, ತಮ್ಮನದೆಂದು ಐದನೆಯದಕ್ಕೆ ಕೈ ಎತ್ತಿ ನಿಂತಿದ್ದ ಫಿಲೋಮಿನಾ ಇಣುಕಿದರು. ಎತ್ತಿದ ಕೈ ನಿಧಾನ ಇಳಿಯಿತು.

“ನಮ್ಮ ಜುಜೆ,” ಎಂದರು. “ಯಾರು ತೆಗಿಯೂಕೆ ಹೇಳಿದ್ದು?”