ಮಂಕಾದ ಬಲ್ಬು

ಸೊಸೆ ಸ್ವಿಚ್ಚಿಗೆ ಕೈ ಹಾಕುವ ಮೊದಲೇ ಅತ್ತೆ ಕಿವಿ ಮುಚ್ಚಿಕೊಂಡರು. ಹೋದ ಸಲ ಅವಳು ಕಟ್ಟಿದ ಆಂಪ್ಲಿಫೈಯರ್‌ನ ಪುಟ್ಟ ಟ್ರಾನ್ಸ್‌ಫಾರ್ಮರ್ ಭಾರ ತಾಳದೆ ಸುಟ್ಟು, ಮನೆಯೆಲ್ಲ ಕತ್ತಲಾಗಿತ್ತು. ಈ ಸಲ ಇಟ್ಟಿಗೆಯಷ್ಟು ದಪ್ಪದ ಟ್ರಾನ್ಸ್‌ಫಾರ್ಮರ್ ಆರಿಸಿ ತಂದು, ಕರೆಂಟು ಮೊದಲು ಒಂದು ಹಳೆಯ ಬಲ್ಬನ್ನು ಹಾದು ಆಂಪ್ಲಿಫೈಯರ್‌ಗೆ ಬರುವಂತೆ ತಂತಿ ಜೋಡಿಸಿದ್ದಳು. ಬಲ್ಬು ಚೆನ್ನಾಗಿ ಕಾಣಲೆಂದು ಕೋಣೆಯ ದೀಪ ಆರಿಸಿದ್ದಳು.

"ಬಲ್ಬು ಜೋರಾಗಿ ಉರೀತಾನೇ ಇದ್ರೆ ಎಲ್ಲೋ ತಪ್ಪಿದೆ ಅಂತ, ಅತ್ತೆ. ಮಂಕಾದ್ರೆ ಗೆದ್ದ ಹಾಗೆ."

ಬಲ್ಬು ಝಗ್ಗನೆ ಹೊತ್ತಿಕೊಂಡಿತು. ಇಬ್ಬರೂ ಉಸಿರು ಬಿಗಿಹಿಡಿದರು. ಬೆಳಕು ಮೆಲ್ಲಗೆ ಇಳಿದು, ಬಲ್ಬಿನೊಳಗೆ ಕೆಂಪು ಎಳೆಯೊಂದೇ ಉಳಿಯಿತು.

ಕೋಣೆ ಕತ್ತಲಾದದ್ದು ಕಂಡು ಮಾವ ಟಾರ್ಚ್ ಹಿಡಿದು ಓಡಿಬಂದರು. "ಮತ್ತೆ ಹೋಯ್ತೇನೇ?"

ಅತ್ತೆ ಕಿವಿಯಿಂದ ಕೈ ತೆಗೆದರು. "ಅದು ಮಂಕಾಗ್ಲೇಬೇಕು ರೀ. ನಮ್ಮ ವೈರಿಂಗ್ ಸರಿಯಾಗಿದೆ."