ಎದುರುಗಾಳಿಯ ಗೆರೆ

ಕಂಪ್ಯೂಟರಿನಲ್ಲಿ ಮುದುಕ ವೀಬೆಯ ಆಯುಸ್ಸಿನ ಗೆರೆ ಮತ್ತೆ ಕೆಳಗೆ ಬಿತ್ತು. ಯೋರಿನ್ ಪರದೆಯನ್ನು ತನ್ನ ಕಡೆ ತಿರುಗಿಸಿಕೊಳ್ಳುವಷ್ಟರಲ್ಲಿ ಮುದುಕ ನೋಡಿಬಿಟ್ಟಿದ್ದ.

"ಪಾತಾಳಕ್ಕೇ ಹೋಯ್ತಲ್ಲಮ್ಮ," ಎಂದ. ಎಪ್ಪತ್ತೆಂಟು ವರ್ಷ, ಎದೆಯಲ್ಲಿ ಹೊಸ ಕವಾಟ, ಮುಖ ಟೊಮೆಟೊದಷ್ಟು ಕೆಂಪು. "ಸೋಮವಾರ ಹೌಡಾ ಊರಿನ ಪುರಸಭೇಲಿ ನಂಗೂ ನೆಲ್ಲೆಕೆಗೂ ಮದುವೆ. ಸೋಮವಾರ ಆದ್ರೆ ಪುಕ್ಕಟೆ ಮಾಡಿಸ್ತಾರೆ. ಆದ್ರೆ ನೆಲ್ಲೆಕೆ ಒಂದ್ಸಲ ಗಂಡನ್ನ ಮಣ್ಣು ಮಾಡಿದಾಳೆ. ಇನ್ನೊಂದ್ಸಲ ಆ ಕೆಲಸ ಅವಳ ಕೈಲಿ ಮಾಡಿಸೋಕೆ ನಂಗೆ ಮನಸ್ಸಿಲ್ಲ. ಗೆರೆ ಹಿಂಗೇ ಇದ್ರೆ ಬೇಡ ಅಂದ್ಬಿಡ್ತೀನಿ."

ರಾಟರ್‌ಡ್ಯಾಮಿನ ಆ ಆಸ್ಪತ್ರೆಗೆ ಈ ತಂತ್ರಾಂಶ ಬರೆದವಳು ಯೋರಿನ್. ರೋಗಿ ಬಂದಾಗಲೆಲ್ಲ, ಹೃದಯದ ದಣಿವು ತೋರಿಸುವ ರಕ್ತ ಪರೀಕ್ಷೆಯ ಅಂಕಿ ಹಾಕಿದರೆ ಸಾಕು. ಅಂಕಿ ಏರಿಳಿಯುವ ದಾರಿಯನ್ನೂ ಆಯುಸ್ಸು ಸಾಗುವ ದಾರಿಯನ್ನೂ ಜೋಡೆತ್ತಿನ ಹಾಗೆ ಒಂದೇ ನೊಗಕ್ಕೆ ಕಟ್ಟಿ, ಅದು ಮುಂದಿನ ಬದುಕಿನ ಗೆರೆಯನ್ನು ಹೊಸದಾಗಿ ಎಳೆಯುತ್ತದೆ. ಉಳಿದ ರೋಗಿಗಳ ವಿಷಯದಲ್ಲಿ ಅದು ಅಷ್ಟಾಗಿ ತಪ್ಪಿದ್ದಿಲ್ಲ. ವೀಬೆಯದು ಮಾತ್ರ ಬೇಸಿಗೆಯಿಂದ ಇಳಿಯುತ್ತಲೇ ಇತ್ತು.

ಡಾಕ್ಟರ್ ರುಟ್ಗರ್ ಸ್ಟೆತಸ್ಕೋಪು ಕೆಳಗಿಟ್ಟರು. "ಎದೆ ಗಡಿಯಾರದ ಹಾಗೆ ಬಡೀತಿದೆ. ಸ್ಕ್ಯಾನೂ ಚೆನ್ನಾಗಿದೆ. ಗೋಳಾಡ್ತಿರೋದು ನಿನ್ನ ಯಂತ್ರ ಒಂದೇ, ಯೋರಿನ್. ಇವರನ್ನ ಲೆಕ್ಕದಿಂದ ತೆಗೆದುಬಿಡು."

"ಹೊಂದದವರನ್ನೆಲ್ಲ ತೆಗೀತಾ ಹೋದ್ರೆ ಕೊನೆಗೆ ನೀವೊಬ್ರೇ ಉಳೀತೀರಿ, ಡಾಕ್ಟ್ರೇ."

ಅವಳಿಗೆ ಸಿಟ್ಟಿಗಿಂತ ಹೆದರಿಕೆ ಹೆಚ್ಚಾಗಿತ್ತು. ಗೆರೆ ನಿಜವಾದರೆ ಮುದುಕ ಉಳಿಯುವುದಿಲ್ಲ, ಸುಳ್ಳಾದರೆ ಸುಮ್ಮನೆ ಒಂದು ಮದುವೆ ಮುರಿಯುತ್ತದೆ. ಮುಖ ನೋಡಲಾಗದೆ ತಲೆ ತಗ್ಗಿಸಿದಳು. ಮೇಜಿನ ಕೆಳಗೆ ವೀಬೆಯ ಪ್ಯಾಂಟಿನ ತುದಿಗೆ, ಚೈನಿಗೆ ಸಿಗದ ಹಾಗೆ, ಸೈಕಲ್ ಕ್ಲಿಪ್ಪು ಸಿಕ್ಕಿಸಿದ್ದು ಕಾಣಿಸಿತು.

"ಇವತ್ತು ಹೇಗೆ ಬಂದ್ರಿ?"

"ಹೇಗೆ ಅಂದ್ರೆ? ಸೈಕಲ್ಲಲ್ಲಿ."

"ನಿಮ್ಮ ಮನೆ ಇಲ್ಲೇ ಹಿಂದಿನ ಬೀದಿ ಅಲ್ವಾ?"

ವೀಬೆ ಸುಮ್ಮನೆ ಕೆಮ್ಮಿದ. "ಬೇಸಿಗೆಯಿಂದ ಹೌಡಾದಲ್ಲಿ ನೆಲ್ಲೆಕೆ ಮನೇಲೇ ಇದೀನಿ."

"ಹೌಡಾದಿಂದ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ತುಳ್ಕೊಂಡು ಬಂದ್ರಾ? ಈ ಎದುರುಗಾಳೀಲಿ?"

"ಟ್ರೇನಲ್ಲಿ ಬರೋಕೆ ನಂಗೇನು ಕಾಲಿಲ್ವಾ? ಬ್ಯಾಟರಿ ಸೈಕಲ್ಲು ಇರೋದು ಮುದುಕ್ರಿಗೆ."

ಡಾಕ್ಟರ್ ತಲೆ ಮೇಲೆ ಕೈ ಹೊತ್ತರು. ಅಷ್ಟು ದೂರ ಗಾಳಿಗೆದುರಾಗಿ ತುಳಿದು, ಬಂದವನೇ ತೋಳು ಚಾಚಿದರೆ ಯಾವ ಎದೆಯ ರಕ್ತ ತಾನೇ ದಣಿವು ತೋರಿಸದು? ಚಳಿಗಾಲ ಹತ್ತಿರವಾದಂತೆ ಗಾಳಿ ಜೋರಾಯಿತು, ಅಂಕಿ ಏರಿತು, ಗೆರೆ ಇಳಿಯಿತು. ಹೇಗೆ ಬಂದಿರಿ ಎಂದು ಯಾರೂ ಕೇಳಿರಲಿಲ್ಲ. ಎಲ್ಲರೂ ಸೈಕಲ್ಲಲ್ಲೇ ಓಡಾಡುವ ಊರಲ್ಲಿ ಯಾಕೆ ಕೇಳುತ್ತಾರೆ? ಡಾಕ್ಟರ ಸೈಕಲ್ಲೂ ಯೋರಿನ್ನಳ ಸೈಕಲ್ಲೂ ಕೆಳಗೆ ಒಂದಕ್ಕೊಂದು ಒರಗಿ ನಿಂತಿದ್ದವು.

"ಶುಕ್ರವಾರ ಟ್ರೇನಲ್ಲಿ ಬನ್ನಿ. ಅಲ್ಲೀವರೆಗೆ ಸೈಕಲ್ಲು ಮುಟ್ಟಬೇಡಿ," ಎಂದಳು ಯೋರಿನ್. "ಅಲ್ಲೀವರೆಗೆ ನೆಲ್ಲೆಕೆಗೂ ಏನೂ ಹೇಳಬೇಡಿ."

ಶುಕ್ರವಾರ ವೀಬೆ ಮುಖ ಊದಿಸಿಕೊಂಡೇ ಬಂದ. ಅರ್ಧ ಗಂಟೆ ಕೂರಿಸಿ ರಕ್ತ ತೆಗೆದರು. ದಣಿದು ಬಂದ ದಿನಗಳ ಅಂಕಿಗಳನ್ನು ಬದಿಗಿಟ್ಟು ಹೊಸದನ್ನು ಹಾಕಿದಾಗ, ಗೆರೆ ಮೆಲ್ಲಗೆ ಮೇಲೆದ್ದು ಪರದೆಯ ಅಂಚಿನವರೆಗೂ ಹೋಯಿತು. ಯೋರಿನ್ನಳ ಕಣ್ಣು ತುಂಬಿತು.

"ಇದು ಅಂದಾಜು ಅಷ್ಟೇ, ಭರವಸೆ ಅಲ್ಲ," ಎಂದಳು.

"ಮದುವೇನೂ ಅಷ್ಟೇ ಬಿಡಮ್ಮ," ಎಂದ ವೀಬೆ, ಟೋಪಿ ಹಾಕಿಕೊಳ್ಳುತ್ತ.

ಸೋಮವಾರ ಮಧ್ಯಾಹ್ನ ಯೋರಿನ್ ತಂತ್ರಾಂಶಕ್ಕೆ 'ಹೇಗೆ ಬಂದಿರಿ?' ಎಂಬ ಪ್ರಶ್ನೆ ಸೇರಿಸುತ್ತಿದ್ದಾಗ ಮೊಬೈಲಿಗೆ ಒಂದು ಫೋಟೊ ಬಂತು. ಕ್ಯಾರಿಯರ್ ಮೇಲೆ ಹೂಗುಚ್ಛ ಹಿಡಿದು ಅಡ್ಡಲಾಗಿ ಕೂತ ಮದುಮಗಳು, ಅವಳ ಸ್ಕಾರ್ಫು ಗಾಳಿಗೆ ಹಿಂದಕ್ಕೆ ಹಾರುತ್ತಿದೆ. ಮುಂದೆ ಸೀಟಿನಿಂದ ಎದ್ದು ನಿಂತು ತುಳಿಯುತ್ತಿರುವ, ಕಿವಿಯವರೆಗೂ ಕೆಂಪಾದ ಮದುಮಗ. ಕೆಳಗೆ ಒಂದೇ ಸಾಲು:

"ಇವತ್ತು ಮಾತ್ರ ರಕ್ತ ತೆಗೀಬೇಡಿ."