ತೀರಿಕೊಂಡವರ ಕುರ್ಚಿ

ಚಿಕ್ಕಂದಿನಲ್ಲಿ ದವಾಖಾನೆಯೆಂದರೆ ನನಗೆ ಸ್ಪಿರಿಟ್ಟಿನ ಘಾಟು. ಅದು ಮೂಗಿಗೆ ಬಡಿಯುತ್ತಲೇ ನನ್ನ ಅಕ್ಕ ಚಂಪಕ್ಕ ತನ್ನ ಸೆರಗನ್ನು ನನ್ನ ಮೂಗಿಗೆ ಹಿಡಿಯುತ್ತಿದ್ದಳು.

ಈ ಆಸ್ಪತ್ರೆಯಲ್ಲಿ ತಪ್ಪು ಬಾಟಲಿಯ ಔಷಧಿ ನರಕ್ಕೆ ಏರಿ ಅವಳು ತೀರಿಕೊಂಡು ತಿಂಗಳಾಗಿತ್ತು. ಇಲ್ಲಿ ತೀರಿಕೊಂಡವರನ್ನು ಕೇಳದೆ ಆಸ್ಪತ್ರೆಯವರು ಏನನ್ನೂ ಕೊಳ್ಳುವಂತಿಲ್ಲ, ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ. ಆಸ್ಪತ್ರೆಯ ಮಂಗಳವಾರದ ಸಭೆಯಲ್ಲಿ ಅವರಿಗೊಂದು ಕುರ್ಚಿ ಇರುತ್ತದೆ. ಮನೆಯವರು ಪಕ್ಕದಲ್ಲಿ ಕುಳಿತರೆ ಅದರಿಂದ ತೀರಿಕೊಂಡವರ ದನಿ ಬರುತ್ತದೆ. ಈ ಮಂಗಳವಾರ ಆ ಕುರ್ಚಿಯ ಪಕ್ಕದಲ್ಲಿ ನಾನು ಕುಳಿತಿದ್ದೆ.

"ಬಾಟಲಿ ಹಚ್ಚಿದ ನರ್ಸ್ ಎಸ್ತರನ್ನ ತೆಗೆದುಹಾಕೋಣೇನ್ರಿ ಚಂಪಕ್ಕ?" ಎಂದು ದೊಡ್ಡ ಡಾಕ್ಟರು ಕೇಳಿದರು. ನನಗೂ ಅದೇ ಬೇಕಿತ್ತು.

"ಮೊದಲ ನನ್ನ ತಂಗಿಗೆ ಚಹಾ ಕೊಡ್ರಿ, ಮಾರಿ ಗಂಟು ಹಾಕ್ಕೊಂಡು ಕೂತಾಳ," ಎಂದಳು ಅಕ್ಕ. "ಎರಡೂ ಔಷಧಿಗೆ ಒಂದ ಬಣ್ಣದ ಬಾಟಲಿ ತರಿಸಿದವ್ರು ಯಾರ್ರೀ?"

"ಸೋವಿ ಸಿಕ್ತು ಅಂತ ನಾವ ತರಿಸಿದ್ವಿ."

"ಆ ಹುಡುಗಿ ಒಬ್ಬಾಕಿನ ಇಡೀ ವಾರ್ಡಿಗೆ ಓಡಾಡತಿದ್ಲು. ಆಕಿನ್ನ ತೆಗದ್ರ ಬಾಟಲಿ ಬ್ಯಾರೆ ಆಗ್ತಾವೇನು? ಬಾಟಲಿ ಬದಲಿಸ್ರಿ, ಜೋಡಿಗೆ ಇನ್ನೊಬ್ಬ ನರ್ಸನ್ನ ಕೊಡ್ರಿ. ಆಕಿನ್ನ ತೆಗಿಯಾಕ ನಾ ಹ್ಞೂಂ ಅನ್ನಂಗಿಲ್ಲ."

ಡಾಕ್ಟರು ಆಗಲಿ ಎಂದರು.

ಹೊರಗೆ ಬೆಂಚಿನ ತುದಿಯಲ್ಲಿ ಕೂತಿದ್ದ ಎಸ್ತರ್ ನನ್ನನ್ನು ಕಂಡು ಎದ್ದು ನಿಂತಳು. ಅವಳ ತುಟಿ ಒಣಗಿತ್ತು.

"ನಿನ್ನ ಕೆಲಸ ಉಳೀತವ್ವಾ," ಎಂದೆ. "ಮುಂಜಾನಿಂದ ಏನರ ತಿಂದೀಯೇನು?"

ಅವಳು ಇಲ್ಲವೆಂದು ತಲೆಯಲ್ಲಾಡಿಸಿದಳು. ನಾನು ಚೀಲದಿಂದ ಚಪಾತಿಯ ಬುತ್ತಿ ತೆಗೆದು, ಬಿಚ್ಚಿ, ಅವಳ ಕೈಯಲ್ಲಿಟ್ಟೆ.